ನೂರು ಕಿಲೋ ಮರಳು, ಒಂದು ಕಿಲೋ ಕತ್ತಿ

ಜಪಾನಿನ ಶಿಮಾನೆ ಪ್ರಾಂತ್ಯದ ಒಕುಇಜುಮೊ ಗುಡ್ಡಗಾಡಿನಲ್ಲಿ ಚಳಿಗಾಲ ಬಂತೆಂದರೆ ಮಣ್ಣಿನ ಕುಲುಮೆಯೊಂದಕ್ಕೆ ಬೆಂಕಿ ಇಡುತ್ತಾರೆ. ಅದಕ್ಕೆ ತತಾರ ಎಂದು ಹೆಸರು. ಎರಡನೇ ಮಹಾಯುದ್ಧದ ನಂತರ ನಿಂತುಹೋಗಿದ್ದ ಈ ಕೆಲಸವನ್ನು ಜಪಾನಿನ ಕತ್ತಿ ಸಂರಕ್ಷಣಾ ಸಂಸ್ಥೆ 1977ರಲ್ಲಿ ಮತ್ತೆ ಆರಂಭಿಸಿತು. ಒಮ್ಮೆ ಹೊತ್ತಿಸಿದರೆ ಮೂರು ಹಗಲು, ಮೂರು ರಾತ್ರಿ ಆರಿಸುವಂತಿಲ್ಲ. ಅಷ್ಟರಲ್ಲಿ ಕುಲುಮೆಯ ಹೊಟ್ಟೆ ಸೇರುವುದು ಸುಮಾರು 10 ಟನ್ ಕಬ್ಬಿಣದ ಮರಳು ಮತ್ತು 12 ಟನ್ ಇದ್ದಿಲು. ಕೊನೆಗೆ ಸಿಗುವುದು ಸುಮಾರು 2.5 ಟನ್ ತೂಗುವ ಒಂದು ಗಟ್ಟಿ. ಅದನ್ನು ಒಡೆದು ಆರಿಸಿದಾಗ ಕತ್ತಿಗೆ ಒದಗುವ ಒಳ್ಳೆಯ ಉಕ್ಕು, ಅಂದರೆ ತಮಹಾಗಾನೆ, ಒಂದು ಟನ್ನೂ ತುಂಬುವುದಿಲ್ಲ.

ಸುಮಾರು ಅರ್ಧ ಗಂಟೆಗೊಮ್ಮೆ ಇದ್ದಿಲು, ಮರಳು ಸುರಿಯುತ್ತಲೇ ಇರಬೇಕು. ಎಷ್ಟು, ಎಲ್ಲಿ ಸುರಿಯಬೇಕೆಂದು ಹೇಳುವವನು ಮುರಗೆ ಎಂಬ ಮೇಸ್ತ್ರಿ. ಜ್ವಾಲೆಯ ಬಣ್ಣ ನೋಡಿ, ಒಳಗಿನ ಸದ್ದು ಆಲಿಸಿ ಅವನು ನಿರ್ಧರಿಸುತ್ತಾನೆ. ಕುಲುಮೆಯ ಮಣ್ಣಿನ ಗೋಡೆಯೂ ಇಲ್ಲಿ ಕಚ್ಚಾವಸ್ತುವೇ. ಅದು ಒಳಗಿನಿಂದ ಕರಗಿ, ಮರಳಿನ ಕಲ್ಮಶವನ್ನು ಹಿಡಿದುಕೊಂಡು ಕಿಟ್ಟವಾಗಿ ಹರಿದುಹೋಗುತ್ತದೆ. ಮೂರನೆಯ ದಿನದ ಹೊತ್ತಿಗೆ ಗೋಡೆ ಎಷ್ಟು ತೆಳ್ಳಗಾಗಿರುತ್ತದೆ ಎಂದರೆ ಮುಂದುವರಿಸಲು ಆಗುವುದೇ ಇಲ್ಲ. ಗಟ್ಟಿಯನ್ನು ಹೊರತೆಗೆಯಲು ಕುಲುಮೆಯನ್ನು ಕೆಡವುತ್ತಾರೆ. ಮುಂದಿನ ಸಲಕ್ಕೆ ಮತ್ತೆ ಹೊಸ ಗೋಡೆ.

ಎದೊ ಕಾಲದ (17ರಿಂದ 19ನೇ ಶತಮಾನ) ಕಬ್ಬಿಣದ ಧಣಿಗಳಿಗೆ ಮರಳಿಗಿಂತ ಇದ್ದಿಲಿನದೇ ದೊಡ್ಡ ಚಿಂತೆ. ಕುಲುಮೆ ಒಮ್ಮೆ ಉರಿಯಲು ಸುಮಾರು 1 ಹೆಕ್ಟೇರ್ ಕಾಡು ಬೇಕು. ವರ್ಷಕ್ಕೆ 60 ಸಲ ಉರಿಸಿದರೆ 60 ಹೆಕ್ಟೇರ್. ಕಡಿದ ಜಾಗದಲ್ಲಿ ಮರ ಮತ್ತೆ ಬೆಳೆಯಲು 30 ವರ್ಷ. ಹೀಗಾಗಿ ಒಂದು ಕುಲುಮೆಯನ್ನು ನಿಲ್ಲಿಸದೆ ನಡೆಸಲು 1,800 ಹೆಕ್ಟೇರ್ ಕಾಡನ್ನು ಸರದಿಯ ಮೇಲೆ ಕಡಿದು ಬೆಳೆಸಬೇಕು. ಮರಳಿಗಾಗಿ ಅಗೆದ ಗುಡ್ಡಗಳನ್ನು ಅವರು ಮೆಟ್ಟಿಲುಗದ್ದೆಗಳನ್ನಾಗಿ ಮಾಡಿದರು. ಅಲ್ಲಿ ಇಂದಿಗೂ ಭತ್ತ ಬೆಳೆಯುತ್ತಾರೆ. ಕತ್ತಿಯ ಬಗ್ಗೆ ಬರೆಯುವವರು ಈ ಕಾಡು, ಗದ್ದೆಗಳ ಲೆಕ್ಕವನ್ನು ಬಿಟ್ಟುಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನು ಕಮ್ಮಾರನ ಲೆಕ್ಕ. ಒಂದು ಉದ್ದ ಕತ್ತಿಗೆ 10 ಕಿಲೋ ತಮಹಾಗಾನೆ ಎಂದಿಟ್ಟುಕೊಳ್ಳೋಣ. ಆಗ ಒಂದು ಕತ್ತಿಯ ಪಾಲಿಗೆ ಕನಿಷ್ಠ 100 ಕಿಲೋ ಮರಳು, 120 ಕಿಲೋ ಇದ್ದಿಲು ಬರುತ್ತದೆ. ಇದು ಉಕ್ಕು ತೆಗೆಯುವ ಹಂತದ್ದು ಮಾತ್ರ. ಕಮ್ಮಾರನ ಒಲೆಗೆ ಬೇಕಾದ ಪೈನ್ ಮರದ ಇದ್ದಿಲು ಬೇರೆ. ಕೊನೆಗೆ ಕೈಗೆ ಬರುವ ಅಲಗಿನ ತೂಕ 1 ಕಿಲೋದ ಆಸುಪಾಸು.

ಉಳಿದ ಉಕ್ಕು ಎಲ್ಲಿ ಹೋಯಿತು? ಕಮ್ಮಾರ ಉಕ್ಕನ್ನು ಹಪ್ಪಳದ ಹಾಗೆ ತಟ್ಟಿ, ಮುರಿದು, ಮುರಿದ ಅಂಚು ನೋಡಿ ಗಡಸು, ಮೆದು ಎಂದು ಬೇರ್ಪಡಿಸುತ್ತಾನೆ. ಚೂರುಗಳನ್ನು ಸಲಾಕೆಯ ತುದಿಯ ತಗಡಿನ ಮೇಲೆ ಒಂದರ ಮೇಲೊಂದು ಪೇರಿಸಿ, ಕಾಗದ ಸುತ್ತಿ, ಹುಲ್ಲಿನ ಬೂದಿ ಹಚ್ಚಿ, ಕೆಸರು ನೀರು ಸುರಿದು ಒಲೆಗಿಡುತ್ತಾನೆ. ಬೂದಿ, ಕೆಸರಿನ ಹೊದಿಕೆ ಇಲ್ಲದಿದ್ದರೆ ಉಕ್ಕು ಇನ್ನೂ ಬೇಗ ಸುಟ್ಟುಹೋಗುತ್ತದೆ. ಪ್ರತಿ ಬಡಿತಕ್ಕೂ ಕಿಡಿಯಾಗಿ, ಹೊಪ್ಪಳಿಕೆಯಾಗಿ ಒಂದಿಷ್ಟು ಉದುರುತ್ತದೆ. ಶುರುವಿನಲ್ಲಿ ಶೇಕಡಾ 1ರಿಂದ 1.5ರಷ್ಟಿದ್ದ ಇಂಗಾಲ, ಮಡಚುವುದು ಮುಗಿಯುವಾಗ 0.6–0.7ಕ್ಕೆ ಇಳಿದಿರುತ್ತದೆ.

ಸಾವಿರಾರು ಸಲ ಮಡಚುತ್ತಾರೆ ಎಂಬ ಮಾತು ನಿಜವಲ್ಲ. 10ರಿಂದ 15 ಸಲ, ಅಷ್ಟೆ. ಪ್ರತಿ ಸಲವೂ ಪದರ ಇಮ್ಮಡಿಯಾಗುವುದರಿಂದ 15ನೆಯ ಸಲಕ್ಕೆ 32,768 ಪದರ. ಅಲಗಿನ ದಪ್ಪದಲ್ಲಿ ಒಂದೊಂದು ಪದರಕ್ಕೆ ಸಿಗುವ ಜಾಗ ಒಂದು ಮೈಕ್ರಾನ್‌ಗೂ ಕಡಿಮೆ. ಅದನ್ನೂ ಮೀರಿ ಮಡಚಿದರೆ ಲಾಭವಿಲ್ಲ, ಉಕ್ಕು ಮತ್ತು ಇಂಗಾಲ ಎರಡೂ ನಷ್ಟ.

ವಾರಗಟ್ಟಲೆ ದುಡಿದದ್ದೆಲ್ಲ ನೀರಿಗಿಳಿಸುವ ಒಂದು ಕ್ಷಣದಲ್ಲಿ ಹೋಗಿಬಿಡಬಹುದು. ಬೆನ್ನಿಗೆ ದಪ್ಪ, ಬಾಯಿಗೆ ತೆಳುವಾಗಿ ಜೇಡಿ ಬಳಿದ ಅಲಗನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದ್ದುತ್ತಾರೆ. ಬಾಯಿ ತಟ್ಟನೆ ಆರಿ ಗಡಸಾಗಿ ಹಿಗ್ಗುತ್ತದೆ, ಬೆನ್ನು ನಿಧಾನಕ್ಕೆ ಆರುತ್ತದೆ. ಈ ಎಳೆದಾಟದಲ್ಲೇ ಕತ್ತಿಯ ಬಾಗು ಹೆಚ್ಚುತ್ತದೆ. ಎಳೆತ ಮಿತಿಮೀರಿದರೆ ಬಿರುಕು. ಬಿರುಕು ಬಿಟ್ಟ ಅಲಗಿಗೆ ಬೆಲೆಯಿಲ್ಲ.

ಹಳೆಯ ಕತ್ತಿಯ ಬೆಲೆಗೆ ಒಕಾಯಾಮ ಪ್ರಾಂತ್ಯದ ಸೆತೊಉಚಿ ನಗರ 2020ರಲ್ಲಿ ಕೊಂಡ ಸಾಂಚೊಮೊ ಒಳ್ಳೆಯ ಉದಾಹರಣೆ. 13ನೇ ಶತಮಾನದ್ದು, ರಾಷ್ಟ್ರೀಯ ನಿಧಿ, ಸೇನಾನಿ ಉಎಸುಗಿ ಕೆನ್ಶಿನ್‌ನ ಸಂಗ್ರಹದಲ್ಲಿದ್ದದ್ದು. ಅಲಗಿನ ಉದ್ದ 79.5 ಸೆಂಟಿಮೀಟರ್. ಮೊದಲು ಕೆನ್ಶಿನ್‌ನ ಊರಾದ ಜೊಎತ್ಸು ನಗರ 32 ಕೋಟಿ ಯೆನ್ ಕೊಡಲು ಮುಂದಾಗಿತ್ತು, ಮಾಲೀಕರು ಒಪ್ಪಲಿಲ್ಲ. ಸೆತೊಉಚಿ ದೇಶದಾದ್ಯಂತ ದೇಣಿಗೆ ಎತ್ತಿ 50 ಕೋಟಿ ಯೆನ್‌ಗೆ ಕೊಂಡಿತು. ಆಗಿನ ದರದಲ್ಲಿ ಅದು ಸುಮಾರು 34 ಕೋಟಿ ರೂಪಾಯಿ. ಅಲಗಿನ ತೂಕ ಸರಿಸುಮಾರು 1 ಕಿಲೋ ಎಂದರೆ ಗ್ರಾಂಗೆ 34 ಸಾವಿರ ರೂಪಾಯಿ, ಆ ತಿಂಗಳ ಚಿನ್ನದ ಬೆಲೆಯ ಸುಮಾರು 8 ಪಟ್ಟು. ಈಗಿನ ತತಾರದ ಲೆಕ್ಕವನ್ನು ಅಷ್ಟು ಹಳೆಯ ಅಲಗಿಗೆ ಹಾಗೆಯೇ ಅನ್ವಯಿಸಲಾಗದು, ಕುಲುಮೆಯ ಈ ರೂಪ ಎದೊ ಕಾಲದಲ್ಲಿ ಬೆಳೆದದ್ದು. ಆದರೂ ಆ ದುಡ್ಡು ದುಬಾರಿ ಎಂದು ನನಗನ್ನಿಸುವುದಿಲ್ಲ. ಅದನ್ನು ಮಾಡಿದ ಇಚಿಮೊಂಜಿ ಪಂಥದ ಕಮ್ಮಾರರು ದುಡಿದ ಬಿಜೆನ್ ನಾಡಿಗೇ, ಅಂದರೆ ಸೆತೊಉಚಿ ಇರುವ ಸೀಮೆಗೇ, ಅವರ ಕೆಲಸ ಮರಳಿತು.

ಹಳೆಯ ಅಲಗಿಗೆ ಸಾಣೆಯ ಲೆಕ್ಕವೂ ಇದೆ. ಸಾಣೆಗಾರ ಒರಟು ಕಲ್ಲಿನಿಂದ ಆರಂಭಿಸಿ, ಕೊನೆಗೆ ಕಾಗದದಷ್ಟು ತೆಳುವಾದ ಕಲ್ಲಿನ ಬಿಲ್ಲೆಯನ್ನು ಹೆಬ್ಬೆರಳಿನಡಿ ಇಟ್ಟು ಉಜ್ಜುತ್ತಾನೆ. ಕೂಲಿಯನ್ನು ಸುನ್ ಲೆಕ್ಕದಲ್ಲಿ ಕೇಳುವ ರೂಢಿ. ಒಂದು ಸುನ್ ಎಂದರೆ 3.03 ಸೆಂಟಿಮೀಟರ್. ಪ್ರತಿ ಸಾಣೆಗೂ, ಮೆದು ಉಕ್ಕಿನ ಮೇಲೆ ಹೊದಿಸಿದ ಹೊರಗಿನ ಗಡಸು ಉಕ್ಕು ಒಂದಿಷ್ಟು ಸವೆಯುತ್ತದೆ. ಅತಿಯಾದರೆ ಒಳಗಿನ ಮೆದು ಉಕ್ಕು ಕಾಣಿಸಿಕೊಳ್ಳುತ್ತದೆ, ಅದನ್ನು ಮುಚ್ಚಲು ಉಪಾಯವಿಲ್ಲ. ಆದ್ದರಿಂದ ಅನುಭವಿ ಸಾಣೆಗಾರನೇ ಬೇಕು, ಅಂಥವನು ತಯಾರಾಗಲು ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ.

ಕಮ್ಮಾರನಿಗೆ ಪರವಾನಗಿ ಸಿಗಲು ಕನಿಷ್ಠ 5 ವರ್ಷದ ಶಿಷ್ಯವೃತ್ತಿ ಆಗಬೇಕು. ಬಹುಪಾಲು ಶಿಷ್ಯರಿಗೆ ಸಂಬಳವಿಲ್ಲ. ಆಮೇಲೂ 60.6 ಸೆಂಟಿಮೀಟರ್ ಮೀರಿದ ಕತ್ತಿ ತಿಂಗಳಿಗೆ ಎರಡೇ ಮಾಡಬಹುದು, ವರ್ಷಕ್ಕೆ 24. ಒಂದು ಹಳೆಯ ಕತ್ತಿಗೆ 50 ಕೋಟಿ ಯೆನ್ ಕೂಡಿಸಬಲ್ಲ ಸಮಾಜ ಈ ಶಿಷ್ಯರ ಐದು ವರ್ಷದ ಊಟ, ಬಾಡಿಗೆಯನ್ನೂ ಭರಿಸಬೇಕು.