ಮದುವೆಗೆ ಮೊದಲು ಮಾತ್ರೆ ನಿಲ್ಲಿಸಬಹುದೇ?

ಕಳೆದ ವರ್ಷ ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳು. ಭಾನುವಾರದ ಎರಡನೆಯ ಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೂ ಕಾಪು ಕಡೆಯ ತಾಯಿಯೊಬ್ಬರು ನಮ್ಮ ನಿವಾಸದ ಜಗಲಿಯಲ್ಲಿ ಕಾದು ಕುಳಿತಿದ್ದರು. ಮಗಳಿಗೆ ಒಳ್ಳೆಯ ಸಂಬಂಧವೊಂದು ಕೂಡಿಬಂದಿತ್ತು. ಹುಡುಗ ಕೊಲ್ಲಿ ರಾಷ್ಟ್ರದಲ್ಲಿ ಉದ್ಯೋಗಿ, ಮನೆತನ ಪರಿಚಿತ, ಎರಡೂ ಕಡೆಯವರಿಗೆ ಒಪ್ಪಿಗೆ. ಹಾಗಿದ್ದೂ ಆ ತಾಯಿಯ ಮುಖದಲ್ಲಿ ಗೆಲುವಿರಲಿಲ್ಲ. ಕೈಚೀಲದಿಂದ ಮಾತ್ರೆಯ ಪಟ್ಟಿಯೊಂದನ್ನು ಅರ್ಧ ಹೊರಗೆಳೆದು, ಮತ್ತೆ ಒಳಗೆ ತಳ್ಳಿ, "ಫಾದರ್, ಇದನ್ನು ಮದುವೆ ಮುಗಿಯುವವರೆಗಾದರೂ ನಿಲ್ಲಿಸಬಹುದೇ?" ಎಂದು ಕೇಳಿದರು.

ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಬರೆಯಲು ಆ ಮನೆಯವರ ಅನುಮತಿಯೂ ಇದೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.

ಮಗಳಿಗೆ ಕಾಲೇಜಿನ ದಿನಗಳಲ್ಲಿ ಒಮ್ಮೆ ತೀವ್ರವಾದ ಉನ್ಮಾದ ಕಾಣಿಸಿಕೊಂಡಿತ್ತು. ಹಲವು ರಾತ್ರಿ ನಿದ್ರೆಯಿಲ್ಲ, ನಿಲ್ಲದ ಮಾತು, ಕೈಯಲ್ಲಿದ್ದ ಹಣವೆಲ್ಲ ಖರ್ಚು. ಕೆಲವು ತಿಂಗಳ ಬಳಿಕ ಅದಕ್ಕೆ ವಿರುದ್ಧವಾದ ಸ್ಥಿತಿ: ಹಾಸಿಗೆಯಿಂದ ಏಳಲೂ ಆಗದಂಥ ಖಿನ್ನತೆ. ವೈದ್ಯರು ಅದನ್ನು ಬೈಪೋಲಾರ್ ಕಾಯಿಲೆಯೆಂದು ಗುರುತಿಸಿ ಲಿಥಿಯಂ ಕೊಟ್ಟರು. ಅಂದಿನಿಂದ ಆಕೆ ಸ್ವಸ್ಥಳು, ಶಾಲೆಯೊಂದರಲ್ಲಿ ಶಿಕ್ಷಕಿ. ಆದರೆ ಅವಳ ಸೋದರತ್ತೆ ಹೀಗೆ ತೀರ್ಪು ಕೊಟ್ಟಿದ್ದರು: ಮಾತ್ರೆ ತಿನ್ನುವುದು ಗಂಡಿನ ಕಡೆಯವರ ಕಣ್ಣಿಗೆ ಬಿದ್ದರೆ ಸಂಬಂಧ ಮುರಿಯುತ್ತದೆ, ಒಮ್ಮೆ ಮದುವೆಯಾದರೆ ಕಾಯಿಲೆ ತಾನಾಗಿ ಹೋಗುತ್ತದೆ.

ಮದುವೆಯಾದರೆ ಸರಿಹೋಗುತ್ತದೆ! ನಮ್ಮ ಸೀಮೆಯಲ್ಲಿ ಈ ಮಾತಿಗೆ ಮತಭೇದವಿಲ್ಲ, ಭಾಷಾಭೇದವೂ ಇಲ್ಲ. ಮನೋರೋಗಿಯನ್ನು ಕೊಂಕಣಿಯಲ್ಲಿ 'ಪಿಸೊ' ಎಂದು, ತುಳುವಿನಲ್ಲಿ 'ಮರ್ಲೆ' ಎಂದು, ಕನ್ನಡದಲ್ಲಿ 'ಹುಚ್ಚ' ಎಂದು ಕರೆಯುತ್ತೇವೆ. ಮೂರು ಭಾಷೆ ಬಲ್ಲ ನಮಗೆ ಮೂರರಲ್ಲಿಯೂ ಬೈಗುಳವೇ ಮೊದಲು ಬಾಯಿಗೆ ಬರುತ್ತದೆ. ಬೈಗುಳಕ್ಕೆ ಹೆದರಿದ ಮನೆಯವರು ಕಾಯಿಲೆಯನ್ನು ಮುಚ್ಚಿಡುತ್ತಾರೆ, ಮುಚ್ಚಿಡಲು ಮದುವೆಯನ್ನೇ ಪರದೆಯಾಗಿ ಬಳಸುತ್ತಾರೆ. ಆದರೆ ಮದುವೆಯೆಂದರೆ ರೋಸ್‌ನ ರಾತ್ರಿಯ ಗದ್ದಲ, ನಿದ್ರೆಗೇಡು, ಹೊಸ ಮನೆ, ಹೊಸ ಊರು. ಬೈಪೋಲಾರ್ ಕಾಯಿಲೆಯುಳ್ಳವರಿಗೆ ನಿದ್ರೆ ಕೆಡುವುದೇ ರೋಗ ಮರುಕಳಿಸಲು ಒಂದು ಕಾರಣವಾಗಬಲ್ಲದು. ಅದರ ಮೇಲೆ ಲಿಥಿಯಮನ್ನು ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರಳಿ ಬರುವ ಅಪಾಯ ಹೆಚ್ಚು. ಅತ್ತೆಯವರ ಸಲಹೆಯಂತೆ ನಡೆದಿದ್ದರೆ ಆ ಹುಡುಗಿ ಮಂಟಪದಲ್ಲಿಯೋ ಮರುವಾರದಲ್ಲಿಯೋ ಕುಸಿಯುವ ಸಂಭವವಿತ್ತು.

ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು ಓದಿದವರು, ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದಾಗ ಕಲ್ಪನಾ ಅವರ ಅಭಿನಯ ನೋಡಿದವರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಹೆರಿಗೆಯ ಅನಂತರ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಗುಣವಾದಳೆಂದು ನಂಬಲು ಮನೆ ಸಿದ್ಧವಿರುವುದಿಲ್ಲ. ನಕ್ಕರೂ ಸಂಶಯ, ಅತ್ತರೂ ಸಂಶಯ. ಆಸ್ಪತ್ರೆ ಗುಣಪಡಿಸಿದ್ದನ್ನು ಮನೆ ಮತ್ತೆ ಕೆಡಿಸುತ್ತದೆ. ತ್ರಿವೇಣಿಯವರು ಮನಃಶಾಸ್ತ್ರವನ್ನು ಅಭ್ಯಸಿಸಿದವರು. ಬರೆದದ್ದನ್ನು ತಿಳಿದೇ ಬರೆದರು. ಆ ಚಿತ್ರವನ್ನು ನೋಡಿ ಕಣ್ಣೀರು ಹಾಕಿದ ನಾವೇ ನೆರೆಮನೆಯ ಕಾವೇರಿಯನ್ನು ಕಂಡಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತೇವೆ.

ಮಾತ್ರೆಯ ವಿಷಯಕ್ಕೆ ಮರಳೋಣ. ಮನೋವೈದ್ಯರ ಮದ್ದುಗಳೆಲ್ಲ ನಿದ್ರೆಯ ಮದ್ದುಗಳು, ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂಬ ಹೆದರಿಕೆಯಲ್ಲಿ ಸತ್ಯದ ಅಂಶ ಸ್ವಲ್ಪ ಮಾತ್ರ ಇದೆ. ಆತಂಕಕ್ಕೂ ನಿದ್ರೆಗೂ ಕೊಡುವ ಕೆಲವು ಮಾತ್ರೆಗಳು ಬಹುಕಾಲ ತೆಗೆದುಕೊಂಡರೆ ನಿಜವಾಗಿಯೂ ಅಭ್ಯಾಸವಾಗುತ್ತವೆ. ಆದಕಾರಣ ವೈದ್ಯರು ಅವುಗಳನ್ನು ಅಲ್ಪಕಾಲಕ್ಕೆ ಬರೆಯುತ್ತಾರೆ. ಔಷಧದ ಅಂಗಡಿಯಿಂದ ಹಳೆಯ ಚೀಟಿ ತೋರಿಸಿ ತಂದು ವರ್ಷಗಟ್ಟಲೆ ನುಂಗುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಲಿ. ಆದರೆ ಖಿನ್ನತೆಯ ಮದ್ದು, ಲಿಥಿಯಂ, ಭ್ರಮೆಗಳನ್ನು ಶಮನಗೊಳಿಸುವ ಮದ್ದು ಇವು ಆ ಜಾತಿಯವಲ್ಲ. ಇವುಗಳಿಗಾಗಿ ಮನಸ್ಸು ಹಂಬಲಿಸುವುದಿಲ್ಲ, ಪ್ರಮಾಣವನ್ನು ಏರಿಸುತ್ತ ಹೋಗಬೇಕೆಂಬ ಬಯಕೆ ಹುಟ್ಟುವುದಿಲ್ಲ. ಆದರೂ ಥಟ್ಟನೆ ಬಿಡಬಾರದು. ಖಿನ್ನತೆಯ ಮದ್ದು ಕೆಲಸ ಮಾಡಲು ಕೆಲವು ವಾರಗಳು ಬೇಕು. ಹತ್ತು ದಿನ ನುಂಗಿ 'ಏನೂ ಆಗಲಿಲ್ಲ' ಎಂದು ಬಿಡುವವರೂ, ಗುಣ ಕಂಡ ಕೂಡಲೇ ಬಿಡುವವರೂ ಒಂದೇ ಹೊಂಡಕ್ಕೆ ಬೀಳುತ್ತಾರೆ. ರಕ್ತದೊತ್ತಡದ ಮಾತ್ರೆಯನ್ನು ಇಪ್ಪತ್ತು ವರ್ಷ ತಿನ್ನುವವರನ್ನು ಯಾರೂ ಚಟಗಾರರೆಂದು ಕರೆಯುವುದಿಲ್ಲವಲ್ಲ.

ಈ ಮದ್ದುಗಳಿಗೆ ಅಡ್ಡಪರಿಣಾಮಗಳಿವೆ. ಕೆಲವಕ್ಕೆ ತೂಕ ಏರುತ್ತದೆ, ಕೆಲವಕ್ಕೆ ಕೈ ನಡುಗುತ್ತದೆ. ಲಿಥಿಯಂ ತೆಗೆದುಕೊಳ್ಳುವವರು ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಮದುವೆಯಾಗಲಿರುವ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಮುಖ್ಯ. ವಾಲ್ಪ್ರೋಯೇಟ್‌ನಂಥ ಕೆಲವು ಮದ್ದುಗಳು ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲವು. ಹೆರಿಗೆಯ ಅನಂತರದ ವಾರಗಳಲ್ಲಿ ಬೈಪೋಲಾರ್ ಕಾಯಿಲೆ ಮರುಕಳಿಸುವ ಸಾಧ್ಯತೆಯೂ ಹೆಚ್ಚು. ಹಾಗೆಂದು ಮನೆಯಲ್ಲೇ ತೀರ್ಮಾನಿಸಿ ಮದ್ದು ನಿಲ್ಲಿಸುವುದು ಸಲ್ಲದು. ಗರ್ಭ ಧರಿಸುವ ಮುನ್ನವೇ ಪತಿಪತ್ನಿಯರು ಒಟ್ಟಿಗೆ ವೈದ್ಯರ ಬಳಿ ಹೋಗಿ ಯಾವ ಮದ್ದು, ಎಷ್ಟು ಪ್ರಮಾಣ ಎಂದು ಗೊತ್ತುಮಾಡಿಕೊಳ್ಳಬೇಕು. ಪತಿಗೆ ವಿಷಯವೇ ತಿಳಿಯದಿದ್ದರೆ ಇದು ನಡೆಯುವುದು ಹೇಗೆ?

ಇನ್ನು ನಮ್ಮವರ ಬಗ್ಗೆ, ಅಂದರೆ ಧರ್ಮಗುರುಗಳ ಬಗ್ಗೆ ಒಂದು ಮಾತು. ಇಪ್ಪತ್ತೈದು ವರ್ಷಗಳ ಹಿಂದೆ, ನಾನು ಕಾರ್ಕಳ ಸೀಮೆಯಲ್ಲಿ ಸಹಾಯಕ ಗುರುವಾಗಿದ್ದಾಗ, ಪರದೇಶದಿಂದ ಮರಳಿದ ಯುವಕನೊಬ್ಬನಿಗೆ ಯಾರೋ ತನ್ನನ್ನು ಬೈಯುವ ಧ್ವನಿಗಳು ಕೇಳಿಸತೊಡಗಿದವು. ತಂದೆತಾಯಿ ನನ್ನ ಬಳಿ ಓಡಿ ಬಂದರು. ತತ್ತ್ವಶಾಸ್ತ್ರದಲ್ಲಿ ದೇಹ-ಆತ್ಮಗಳ ಸಂಬಂಧದ ಕುರಿತು ಪರೀಕ್ಷೆ ಬರೆದು ತೇರ್ಗಡೆಯಾಗಿದ್ದ ನಾನು, ಎದುರಿಗೆ ಕುಳಿತ ಹುಡುಗನ ದೇಹವನ್ನು ಮರೆತೆ. ನವೇನ ಮಾಡಿರಿ, ಧ್ಯಾನಕೂಟಕ್ಕೆ ಕಳುಹಿಸಿರಿ ಎಂದೆ. ಅವರು ಗುರುಗಳ ಮಾತು ಎಂದು ಅಕ್ಷರಶಃ ಪಾಲಿಸಿದರು. ಒಂದು ಧ್ಯಾನಕೂಟ, ಇನ್ನೊಂದು, ನಡುವೆ ಗುಟ್ಟಾಗಿ ಮಂತ್ರವಾದಿಯೊಬ್ಬನ ಮನೆ. ಹೀಗೆ ಸುಮಾರು ಒಂದು ವರ್ಷ ಕಳೆಯಿತು. ಕೊನೆಗೆ ಅವನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಬಸ್ ಚಾಲಕನಾಗಿದ್ದ ಅವನ ಮಾವ. ಚಿಕಿತ್ಸೆಯಿಂದ ಧ್ವನಿಗಳು ಅಡಗಿದವು. ಆದರೆ ಅವನು ಮೊದಲಿನ ಕೆಲಸಕ್ಕೆ ಮರಳಲಾಗಲಿಲ್ಲ. ಸ್ಕಿಜೋಫ್ರೇನಿಯದಲ್ಲಿ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಠಿಣವೆಂದು ನಾನು ತಿಳಿದದ್ದು ಆಮೇಲೆ. ಆ ಒಂದು ವರ್ಷದ ಲೆಕ್ಕ ನನ್ನ ಹೆಸರಿನಲ್ಲಿಯೇ ಇದೆ.

ಧರ್ಮಸಭೆಯ ಬೋಧನೆಯನ್ನಾದರೂ ಸರಿಯಾಗಿ ಓದಿದ್ದರೆ ನಾನು ಹಾಗೆ ಹೇಳುತ್ತಿರಲಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು 1673ನೇ ಪರಿಚ್ಛೇದದಲ್ಲಿ ಮಾನಸಿಕ ರೋಗವನ್ನು ಪಿಶಾಚಬಾಧೆಯಿಂದ ಸ್ಪಷ್ಟವಾಗಿ ಬೇರ್ಪಡಿಸಿ, ಅದರ ಚಿಕಿತ್ಸೆ ವೈದ್ಯಶಾಸ್ತ್ರದ ಹೊಣೆ ಎನ್ನುತ್ತದೆ. ಪಿಶಾಚ ಬಿಡಿಸುವ ವಿಧಿಯನ್ನು ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ನಡೆಸುವಂತಿಲ್ಲ. ಪವಿತ್ರಗ್ರಂಥದ ಎಲೀಯನನ್ನು ನೆನೆಯಿರಿ. ಜೀವವೇ ಸಾಕೆಂದು ಮರುಭೂಮಿಯ ಗಿಡವೊಂದರ ಕೆಳಗೆ ಮಲಗಿದ ಪ್ರವಾದಿಗೆ ದೇವದೂತನು ಪ್ರವಚನ ಕೊಡಲಿಲ್ಲ. ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ಸಂತ ಥಾಮಸ್ ಅಕ್ವಿನಾಸರು ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಕಣ್ಣೀರು, ಗೆಳೆಯರ ಅನುಕಂಪ, ಸತ್ಯದ ಚಿಂತನೆಗಳ ಜೊತೆಗೆ ನಿದ್ರೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ. ಸೆಮಿನರಿಯಲ್ಲಿ ಈ ಭಾಗ ಬಂದಾಗ ನಾವು ನಕ್ಕಿದ್ದೆವು. ಹಂಡೆಯ ಬಿಸಿನೀರಿನ ಸ್ನಾನ ಬಲ್ಲ ನಮ್ಮೂರಿನವರು ನಗಬಾರದಿತ್ತು!

ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಾಕ್ಕೆ ಜನವರಿಯ ವಾರ್ಷಿಕ ಮಹೋತ್ಸವದಲ್ಲಿ ಎಲ್ಲ ಮತದವರೂ ಬರುತ್ತಾರೆ. ಮನಸ್ಸು ಕೆಟ್ಟವರನ್ನು ಕೈಹಿಡಿದು ಕರೆತರುವ ಮನೆಯವರನ್ನು ಅಲ್ಲಿ ಕಂಡಿದ್ದೇನೆ. ಅವರ ಮೇಣದಬತ್ತಿಯನ್ನು ನಾನು ಆರಿಸಲಾರೆ. ಮಧ್ಯಾಹ್ನದ ಮಾತ್ರೆಯನ್ನು ತಂದಿದ್ದಾರೆಯೇ ಎಂದು ಮಾತ್ರ ಕೇಳುತ್ತೇನೆ. ಪ್ರಾರ್ಥನೆಯ ಹೆಸರಿನಲ್ಲಿ ಚಿಕಿತ್ಸೆ ಬಿಟ್ಟುಹೋದರೆ ಏನಾಗಬಹುದೆಂಬುದಕ್ಕೆ ತಮಿಳುನಾಡಿನ ಎರವಾಡಿ ಸಾಕ್ಷಿ. ಅಲ್ಲಿನ ದರ್ಗಾದ ಸುತ್ತ ರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಆಶ್ರಯಗಳಲ್ಲೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾರದೆ ಹೋದರು. 28 ಜನ ಸತ್ತರು. ದೋಷ ಒಂದು ಮತದ್ದೆಂದು ಯಾರೂ ತಿಳಿಯಬೇಡಿ. ಸಂತ ಜಾನ್ ಆಫ್ ಗಾಡ್ ಅವರನ್ನು 16ನೇ ಶತಮಾನದ ಗ್ರನಾಡದಲ್ಲಿ ಹುಚ್ಚನೆಂದು ಕೂಡಿಹಾಕಿ ಚಾಟಿಯಿಂದ ಹೊಡೆದವರು ಕ್ರೈಸ್ತರೇ. ಹೊಡೆತ ತಿಂದವರು ಹೊರಬಂದು ರೋಗಿಗಳಿಗೆ ಆಸ್ಪತ್ರೆ ತೆರೆದರು.

ವಿದ್ಯುತ್ ಚಿಕಿತ್ಸೆಯ ಬಗ್ಗೆ ಸಿನಿಮಾಗಳು ಕಲಿಸಿದ ಭಯವೂ ಬೇರೂರಿದೆ. 1938ರಲ್ಲಿ ರೋಮಿನಲ್ಲಿ ಆರಂಭವಾದ ಈ ಚಿಕಿತ್ಸೆಯನ್ನು ಅರಿವಳಿಕೆ ಹಾಗೂ ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ. ಕೆಲವರಿಗೆ ಆ ದಿನಗಳ ನೆನಪು ಮಸುಕಾಗುವುದುಂಟು. ಆದರೆ ಅನ್ನನೀರು ಬಿಟ್ಟು ಸಾಯಲು ಹೊರಟವರನ್ನು ಬೇಗನೆ ಉಳಿಸುವ ದಾರಿಯೂ ಅದೇ. ಅದೇ ಕಾಯಿದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಸಾಮಾನ್ಯವಾಗಿ ಶಿಕ್ಷೆಗೆ ಗುರಿಪಡಿಸದಂತೆ ಹೇಳುತ್ತದೆ. ಧರ್ಮಸಭೆಯೂ ಇಲ್ಲಿ ಬಹುದೂರ ನಡೆದುಬಂದಿದೆ. 1917ರ ಧರ್ಮಸಭಾ ಕಾನೂನಿನ ಪ್ರಕಾರ ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಕ್ರೈಸ್ತ ಅಂತ್ಯಸಂಸ್ಕಾರವಿರಲಿಲ್ಲ. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ಅಂಥ ಮನೆಗೆ ಸಾಂತ್ವನ ಹೇಳಲು ಹೋದವರು ಇಂದಿಗೂ ಪಿಸುದನಿಯಲ್ಲಿ 'ಪೂಜೆ ಉಂಟೋ?' ಎಂದು ಕೇಳುವುದುಂಟು. ಉಂಟು.

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಚಿಕಿತ್ಸೆ ಬೇಕಾದ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆ ಪಡೆದಿರಲಿಲ್ಲ. ನಮಗೆ ದೂರದ ನೆಪವಿಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲುರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆದರೂ ಉಡುಪಿಯವರು ಗುರುತು ಸಿಗಬಾರದೆಂದು ಮಂಗಳೂರಿಗೆ, ಮಂಗಳೂರಿನವರು ಅದೇ ಕಾರಣಕ್ಕೆ ಮಣಿಪಾಲಕ್ಕೆ ಬಸ್ ಹತ್ತುತ್ತಾರೆ. ದಾರಿಯಲ್ಲಿ ಎದುರುಬದುರಾದರೆ ಇಬ್ಬರೂ ಹೇಳುವುದು ತಲೆನೋವು ಎಂದೇ!

ಆ ತಾಯಿಗೆ ನಾನು ಹೇಳಿದ್ದು ಇಷ್ಟು. ಮಾತ್ರೆಯ ವಿಷಯ ನನ್ನದಲ್ಲ, ವೈದ್ಯರದು. ಅವರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಗಂಡಿನ ಕಡೆಯವರಿಗೆ ನಾನಾಗಿ ಏನನ್ನೂ ಹೇಳುವುದಿಲ್ಲ, ಆ ಹಕ್ಕು ಮಗಳದು. ಆದರೆ ಧರ್ಮಸಭಾ ಕಾನೂನಿನ 1098ನೇ ಸೂತ್ರದ ಪ್ರಕಾರ, ದಾಂಪತ್ಯ ಜೀವನವನ್ನು ಗಂಭೀರವಾಗಿ ಕದಡಬಲ್ಲ ಸಂಗತಿಯೊಂದನ್ನು ಸಮ್ಮತಿ ಪಡೆಯುವ ಉದ್ದೇಶದಿಂದ ಮೋಸದಿಂದ ಮರೆಮಾಚಿದರೆ ಆ ವಿವಾಹವೇ ಅಸಿಂಧುವಾಗಬಹುದು. ಕಾಯಿಲೆಯುಳ್ಳವರು ಮದುವೆಯಾಗಬಾರದೆಂದು ಇದರ ಅರ್ಥವಲ್ಲ. ದಾಂಪತ್ಯದ ಹೊಣೆಯನ್ನು ಹೊರುವ ಸಾಮರ್ಥ್ಯವೇ ಇಲ್ಲದಿರುವುದು ಬೇರೆ, ಕಷ್ಟವಿರುವುದು ಬೇರೆ ಎಂದು ಪೋಪ್ ದ್ವಿತೀಯ ಜಾನ್ ಪಾಲ್ 1987ರಲ್ಲಿ ರೋಮಿನ ನ್ಯಾಯಪೀಠಕ್ಕೆ ಸ್ಪಷ್ಟಪಡಿಸಿದ್ದರು.

ಅವರು ಹೇಳಿದರು. ಸಂಬಂಧ ಮುರಿಯಿತು. ನಾಲ್ಕು ತಿಂಗಳು ಆ ತಾಯಿ ನನ್ನೊಡನೆ ಮಾತನಾಡಲಿಲ್ಲ. ಪರಮಪ್ರಸಾದಕ್ಕೂ ನನ್ನ ಸಾಲು ಬಿಟ್ಟು ಇನ್ನೊಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಕೋಪಕ್ಕೆ ಕಾರಣವಿತ್ತು, ನಾನು ಸಮಾಧಾನ ಹೇಳಲು ಹೋಗಲಿಲ್ಲ.

ಮೊನ್ನೆ ಮಗಳೇ ಬಂದಳು. ಮಾತ್ರೆ ಬಿಟ್ಟಿಲ್ಲ, ಶಾಲೆಯ ಕೆಲಸವೂ ನಡೆದಿದೆ. ಇನ್ನೊಂದು ಸೋಯ್ರಿಕ್ ಬಂದಿದೆಯಂತೆ. "ಈ ಸಲ ಅಮ್ಮನಿಗೆ ಹೇಳಲು ಬಿಡುವುದಿಲ್ಲ ಫಾದರ್, ನಾನೇ ಹೇಳುತ್ತೇನೆ. ಮೊದಲ ದಿನವೇ ಹೇಳುತ್ತೇನೆ. ನೀವು ಪಕ್ಕದಲ್ಲಿ ಕುಳಿತಿದ್ದರೆ ಸಾಕು" ಎಂದಳು. ಬರುವ ಶನಿವಾರ ಸಂಜೆ ಐದಕ್ಕೆ ಅವರ ಮನೆಗೆ ಹೋಗುವುದಿದೆ.