ನಿಮಗಿದು ಗೊತ್ತೇ? ಪಿಕಪ್ ಎತ್ತರಿಸುವ ಮುನ್ನ

ಹಂಸಭಾವಿ ಸುತ್ತಮುತ್ತ ಸುಗ್ಗಿ ಶುರುವಾಯಿತೆಂದರೆ ಗೋವಿನಜೋಳಕ್ಕೂ ಹತ್ತಿಗೂ ಮೆಣಸಿನಕಾಯಿಗೂ ಪಿಕಪ್ಪೇ ಗತಿ. ಎರೆಹೊಲದ ಚಕ್ಕಡಿ ದಾರಿಯಲ್ಲಿ ಗಾಡಿಯ ಹೊಟ್ಟೆ ತಾಗದಿರಲಿ ಎಂದು ಕೆಲವರು ಹೆಚ್ಚುವರಿ ಪಾಟಾ (ಲೀಫ್ ಸ್ಪ್ರಿಂಗ್) ಹಾಕಿಸುತ್ತಾರೆ, ಇನ್ನು ಕೆಲವರು ಲಿಫ್ಟ್ ಕಿಟ್ ವಿಚಾರಿಸುತ್ತಾರೆ. ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸುವ ಮೊದಲು ಇಷ್ಟು ತಿಳಿದಿರಲಿ.

● ಲಿಫ್ಟ್ ಕಿಟ್‌ನಿಂದ ಮೇಲೇಳುವುದು ಚಾಸಿ ಮತ್ತು ಬಾಡಿ. ಹಿಂದಿನ ಆಕ್ಸಲ್ ನಡುವೆ ದಪ್ಪಗೆ ಕಾಣುವ ಡಿಫರೆನ್ಶಿಯಲ್ ಇದ್ದ ಎತ್ತರದಲ್ಲೇ ಇರುತ್ತದೆ. ಚಕ್ಕಡಿ ದಾರಿಯ ನಡುವಿನ ದಿಬ್ಬಕ್ಕೆ ಮೊದಲು ಬಡಿಯುವುದೂ ಬಹುಮಟ್ಟಿಗೆ ಅದೇ. ಅದನ್ನು ಎತ್ತಬೇಕಾದರೆ ದೊಡ್ಡ ಟಯರೇ ಬೇಕು. ಅದೂ 2 ಇಂಚು ಹೆಚ್ಚು ವ್ಯಾಸದ ಟಯರ್ ಹಾಕಿದರೆ ಸಿಗುವುದು 1 ಇಂಚು.

● ಟಯರ್ ದೊಡ್ಡದಾದರೆ ಮೀಟರ್ ಸುಳ್ಳು ಹೇಳುತ್ತದೆ. 30 ಇಂಚಿನ ಬದಲು 33 ಇಂಚಿನದನ್ನು ಹಾಕಿದರೆ ಮುಳ್ಳು 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ.

● ಬೊಲೆರೊ ಪಿಕಪ್‌ನ 1.7 ಟನ್ ಮಾದರಿ ಹೊರಬಹುದಾದದ್ದು 1,700 ಕಿಲೊ, ಅಂದರೆ 17 ಕ್ವಿಂಟಲ್ ಗೋವಿನಜೋಳ. ಮೂರು ಪಾಟಾ ಹೆಚ್ಚಿಗೆ ಕೂರಿಸಿದರೂ ಈ ಅಂಕಿ ಬದಲಾಗದು. ಸ್ಪ್ರಿಂಗ್ ಗಟ್ಟಿಯಾಯಿತೆಂದು ಆಕ್ಸಲ್, ಬೇರಿಂಗ್, ಬ್ರೇಕ್, ಟಯರ್ ಗಟ್ಟಿಯಾಗುವುದಿಲ್ಲ. ಹಿಂಭಾಗ ತಗ್ಗದೆ ನೆಟ್ಟಗೆ ನಿಂತಿರುವುದರಿಂದ ಲೋಡು ಮಿತಿ ಮೀರಿದ್ದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

● ಒಂದೇ ದಪ್ಪದ 7 ಪಾಟಾ ಇರುವ ಸೆಟ್ಟಿಗೆ ಅಂಥದ್ದೇ ಇನ್ನೊಂದು ಸೇರಿಸಿದರೆ ಬಿಗಿತ ಸುಮಾರು ಶೇ 14ರಷ್ಟು ಏರುತ್ತದೆ. ಸಂಖ್ಯೆ ಹಾಗೇ ಇಟ್ಟು, 7 ಮಿಲಿಮೀಟರ್ ದಪ್ಪದ ಪಾಟಾಗಳ ಬದಲು 8 ಮಿಲಿಮೀಟರಿನವನ್ನು ಹಾಕಿದರೆ? ಶೇ 49! ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಬೆಳೆಯುವುದರಿಂದ ಹೀಗಾಗುತ್ತದೆ. ‘ಒಂದು ಎಂಎಂ ತಾನೇ’ ಎಂದು ಒಪ್ಪಿಕೊಂಡವರ ಗಾಡಿ ಖಾಲಿ ಬರುವಾಗ ಹಂಪಿನ ಮೇಲೆ ಕುಪ್ಪಳಿಸುತ್ತದೆ.

● ಭಾರ ಎಷ್ಟೋ ಸ್ಪ್ರಿಂಗ್ ಬಾಗುವುದೂ ಅಷ್ಟೇ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿದ. ಬಿಡಿಸಿ ಹೇಳಿದ್ದು 1678ರಲ್ಲಿ.

● ಕುದುರೆ ಸಾರೋಟಿಗೆ ಉಕ್ಕಿನ ದೀರ್ಘವೃತ್ತಾಕಾರದ ಪಾಟಾ ಜೋಡಿಸುವ ವಿಧಾನಕ್ಕೆ ಒಬಡಯ ಎಲಿಯಟ್ ಪೇಟೆಂಟ್ ಪಡೆದದ್ದು 1804ರಲ್ಲಿ. ಇಂದಿನ ಪಿಕಪ್ಪಿನ ಹಿಂದೆ ಇರುವುದು ಅದರ ಅರ್ಧ ಭಾಗದ ವಂಶಸ್ಥ.

● ಪಾಟಾದ ತುದಿಯಲ್ಲಿ ತೂಗಾಡುವ ಶ್ಯಾಕಲ್ ಉದ್ದ ಮಾಡಿ ಎತ್ತರಿಸುವುದು ಅಗ್ಗದ ದಾರಿ. ಶ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏರುವುದು ಸುಮಾರು 1 ಇಂಚು. ಎತ್ತಿದ್ದು ಪಾಟಾದ ಒಂದೇ ತುದಿಯನ್ನು, ಆಕ್ಸಲ್ ಇರುವುದು ನಡುವೆ.

● ಪಾಟಾ ಮತ್ತು ಆಕ್ಸಲ್ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು, ಉದ್ದದ ಯು ಬೋಲ್ಟ್ ಬಿಗಿಯುವುದು ಇನ್ನೊಂದು ದಾರಿ. ಇದಕ್ಕೆ ಎರಡು ಕಟ್ಟುನಿಟ್ಟು: ಒಂದರ ಮೇಲೊಂದು ಬ್ಲಾಕ್ ಪೇರಿಸಬಾರದು, ಮುಂದಿನ ಆಕ್ಸಲ್‌ಗೆ ಬ್ಲಾಕ್ ಹಾಕಲೇಬಾರದು. ಬ್ರೇಕ್ ಒತ್ತಿದಾಗ ಬ್ಲಾಕ್ ಕಳಚಿದರೆ ಮುಂಗಾಲಿ ಹೇಳಿದ ಮಾತು ಕೇಳುವುದಿಲ್ಲ.

● ಹಿಂದಿನ ಬ್ರೇಕಿಗೆ ಲೋಡಿನ ಲೆಕ್ಕ ಹೇಳುವ ಸಾಧನ ಬಹಳಷ್ಟು ಪಿಕಪ್‌ಗಳಲ್ಲಿದೆ. ಚಾಸಿಗೆ ಕೂರಿಸಿದ ವಾಲ್ವ್ ಅದು. ಅದರ ಸಣ್ಣ ಸರಳು ಆಕ್ಸಲ್‌ಗೆ ಸೇರಿರುತ್ತದೆ. ಲೋಡು ಬಿದ್ದು ಚಾಸಿ ತಗ್ಗಿದರೆ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ, ಇಲ್ಲದಿದ್ದರೆ ಹಿಂಗಾಲಿ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಗಾಡಿ ಎತ್ತರಿಸಿ ಆ ಸರಳನ್ನು ಸರಿಹೊಂದಿಸದೆ ಬಿಟ್ಟರೆ, 17 ಕ್ವಿಂಟಲ್ ಹೇರಿದರೂ ವಾಲ್ವಿನ ಪಾಲಿಗೆ ಗಾಡಿ ಖಾಲಿ. ಹಿಂದಿನ ಬ್ರೇಕ್ ಅರೆಬರೆ ಹಿಡಿಯುತ್ತದೆ, ಭಾರವೆಲ್ಲ ಮುಂದಿನ ಬ್ರೇಕಿನ ಮೇಲೆ. ಆ ಸರಳನ್ನು ಸರಿಹೊಂದಿಸುತ್ತೀರಾ ಎಂಬುದೇ ಕಿಟ್ ಕೂರಿಸುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ.

● ಎರಡು ಚಕ್ರಗಳ ನಡುವಿನ ಅಗಲವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಗಾಡಿ ಉರುಳದೆ ನಿಲ್ಲುವ ಶಕ್ತಿಯ ಅಂದಾಜು ಸಿಗುತ್ತದೆ. ಅಗಲ 1,400 ಮಿಲಿಮೀಟರ್, ಎತ್ತರ 700 ಇದ್ದರೆ ಉತ್ತರ 1. ಗುರುತ್ವಕೇಂದ್ರ 50 ಮಿಲಿಮೀಟರ್ ಏರಿದರೆ 0.93. ಇದು ಖಾಲಿ ಗಾಡಿಯ ಲೆಕ್ಕ. ಬ್ಯಾಡಗಿ ಮಾರುಕಟ್ಟೆಗೆ ಹೊರಟ ಮೆಣಸಿನಕಾಯಿ ಹಗುರ. ತೂಕ ತುಂಬುವ ಮೊದಲೇ ಚೀಲಗಳು ಕ್ಯಾಬಿನ್ ಮೀರಿ ಏರಿರುತ್ತವೆ. ಎತ್ತರಿಸಿದ ಗಾಡಿಗೆ ಎತ್ತರದ ಲೋಡೂ ಸೇರಿದರೆ ತಿರುವಿನಲ್ಲಿ ವೇಗ ಇಳಿಸದೆ ಬೇರೆ ದಾರಿಯಿಲ್ಲ.

● ಹಿಂಭಾಗ ಏರಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ. ಕಿಟ್ ಹಾಕಿದ ಮೇಲೆ ವೇಗ ಹಿಡಿದಾಗ ಕೆಳಗಿನಿಂದ ಗಡಗಡ ನಡುಕ ಬಂದರೆ ಕ್ರಾಸ್ ಜಾಯಿಂಟಿನ ಕಡೆ ನೋಡಿ. ಹಳೇ ಶಾಕ್‌ಅಬ್ಸಾರ್ಬರ್ ಮತ್ತು ಬ್ರೇಕ್ ಹೋಸ್ ಹೊಸ ಎತ್ತರಕ್ಕೆ ಸಾಲುತ್ತವೆಯೇ ಎಂದೂ ಪರೀಕ್ಷಿಸಬೇಕು.

● ಹಳೇ ಪಾಟಾ ಸಿಕ್ಕರೆ ಕಮ್ಮಾರರು ಬಿಡುವುದಿಲ್ಲ, ಕುಡುಗೋಲು ಕೊಡ್ಲಿಗಳಿಗೆ ಅದು ಹೇಳಿ ಮಾಡಿಸಿದ ಉಕ್ಕು. ಕಾಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿ ಕಾರ್ಖಾನೆಯಲ್ಲಿ ಅದಕ್ಕೆ ಹದ ಕೊಟ್ಟಿರುತ್ತಾರೆ. ತುಂಡಾದ ಪಾಟಾಕ್ಕೆ ವೆಲ್ಡಿಂಗ್ ಮಾಡಿದರೆ, ಗ್ಯಾಸ್ ಬೆಂಕಿಯಲ್ಲಿ ಕಾಸಿ ಬಾಗಿಸಿದರೆ ಆ ಹದವೇ ಹೋಗುತ್ತದೆ. ಮತ್ತೆ ಮುರಿಯುವುದು ಅಲ್ಲೇ ಪಕ್ಕದಲ್ಲಿ.

● ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿ 1975ರಲ್ಲಿ ಶುರುವಾಯಿತು. ಹೆಸರಿನ ಮೂರಕ್ಷರ ಸ್ಥಾಪಕ ಆಂಥನಿ ರೊನಾಲ್ಡ್ ಬ್ರೌನ್‌ನವು. ಅದರ ‘ಓಲ್ಡ್ ಮ್ಯಾನ್ ಇಮು’ ಸ್ಪ್ರಿಂಗ್‌ಗಳನ್ನು ಗಾಡಿ ಸದಾ ಹೊರುವ ಭಾರ ನೋಡಿ ಆರಿಸಬೇಕು. ವರ್ಷದಲ್ಲಿ ಬಹುಪಾಲು ಖಾಲಿ ಓಡುವ ಗಾಡಿಗೆ ಭಾರೀ ಲೋಡಿನ ಸ್ಪ್ರಿಂಗ್ ದುಡ್ಡು ದಂಡ.

● ಲಿಫ್ಟ್ ಕಿಟ್ ಪ್ರಿಯರ ಮೆಚ್ಚಿನ ಟೊಯೊಟಾ ಹೈಲಕ್ಸ್ ಭಾರತಕ್ಕೆ ಬಂದದ್ದು 2022ರಲ್ಲಿ. ಜೋಡಣೆ ನಮ್ಮ ಬಿಡದಿಯಲ್ಲೇ. ಮುಂದೆ ಕಾಯಿಲ್ ಸ್ಪ್ರಿಂಗ್ ಇದ್ದರೂ ಹಿಂದೆ ಅದೇ ಪಾಟಾ!

● ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಸೆಕ್ಷನ್‌ನಲ್ಲಿ ಅಕ್ರಮ ಬದಲಾವಣೆಗೆ 6 ತಿಂಗಳವರೆಗೆ ಸಜೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ. ವಿಮೆ ಕಂಪನಿಗೂ ತಿಳಿಸಿ.

● ಮಿತಿ ಮೀರಿ ಲೋಡು ಹೇರಿದರೆ ದಂಡ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಒಂದು ಸೆಟ್ ಹೊಸ ಪಾಟಾ ತರಲು ಯೋಚಿಸುವವರು ಈ ಅಂಕಿಯನ್ನೂ ನೆನಪಿಡಲಿ.

● ಎತ್ತರ ಅಳೆಯುವುದು ನೆಲದಿಂದಲ್ಲ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ. ಹೀಗಾದರೆ ಟಯರಿನ ಗಾಳಿ, ಸವೆತ ಲೆಕ್ಕ ಕೆಡಿಸುವುದಿಲ್ಲ. ನಾಲ್ಕೂ ಕಡೆ, ಖಾಲಿ ಇದ್ದಾಗ ಒಮ್ಮೆ, ಲೋಡಿನಲ್ಲಿ ಒಮ್ಮೆ ಅಳೆದು ಬರೆದಿಡಿ.

● ವರ್ಷಗಟ್ಟಲೆ ದುಡಿದ ಪಾಟಾ ಕಮಾನು ಕಳೆದುಕೊಂಡು ಚಪ್ಪಟೆಯಾಗುತ್ತದೆ. ಸುತ್ತಿಗೆಯಿಂದ ಬಡಿದು ಮತ್ತೆ ಬಾಗಿಸಿದರೂ ಅದು ಬಹುಕಾಲ ನಿಲ್ಲದು. ಅದೇ ಮಾದರಿಯ ಹೊಸ ಗಾಡಿಯ ಪಕ್ಕ ನಿಲ್ಲಿಸಿ ಅಳತೆ ಹೋಲಿಸಿ. ನಿಮ್ಮದು ಒಂದೂವರೆ ಎರಡು ಇಂಚು ತಗ್ಗಿದ್ದರೆ ಬೇಕಿರುವುದು ಕಂಪನಿಯ ಅಳತೆಯದೇ ಹೊಸ ಪಾಟಾ ಸೆಟ್. ಕಳೆದುಹೋದ ಎತ್ತರ ವಾಪಸ್ ಬರುತ್ತದೆ, ಆರ್‌ಸಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.