ಮಳೆಲೆಕ್ಕ ಬರೆಯುವ ಕಾರ್ಡಿಗೆ ಯಾವ ವ್ಯವಸ್ಥೆ?

ಕುಂಭಾಶಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಕರೆಂಟಿಗೆ ಭರವಸೆಯಿಲ್ಲ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಬಿಡುವ ದಿನ ಗೊತ್ತುಮಾಡಲೆಂದು ನಾವು ಅಡಿಕೆ ತೋಟದ ಮಳೆಮಾಪಕಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ಜೋಡಿಸಿದ್ದೆವು. ಒಂದು ರಾತ್ರಿ ಅದು ಬರೆಯುತ್ತಿದ್ದಾಗಲೇ ಕರೆಂಟು ಹೋಯಿತು. ಬೆಳಿಗ್ಗೆ ನೋಡಿದರೆ ಜೂನ್ ತಿಂಗಳ ಲೆಕ್ಕವೇ ಇಲ್ಲ! ಎರಡನೇ ಮದ್ದಿಗೆ ಆಳು ಹೇಳಿಯಾಗಿತ್ತು.

ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಸುಲಭವಾಗಿ ಓದಬಹುದೆಂದು ಲೆಕ್ಕವನ್ನು ಕಾರ್ಡಿನ ಫ್ಯಾಟ್32 ಭಾಗದಲ್ಲಿ ಇರಿಸಿದ್ದೇ ನಮ್ಮ ತಪ್ಪು. 1996ರ ಈ ವ್ಯವಸ್ಥೆಯಲ್ಲಿ ಯಾವ ಕಡತ ಎಲ್ಲಿದೆಯೆಂಬ ಪಟ್ಟಿಯನ್ನು ನೇರವಾಗಿ ತಿದ್ದಲಾಗುತ್ತದೆ. ನಡುವೆ ಕರೆಂಟು ಹೋದರೆ ಪಟ್ಟಿ ಅರೆಬರೆ. ದೊಡ್ಡ ಕಾರ್ಡುಗಳಲ್ಲಿ ಬರುವ ಎಕ್ಸ್‌ಫ್ಯಾಟಿನ ಕಥೆಯೂ ಹೆಚ್ಚು ಬೇರೆಯಲ್ಲ.

ಲಿನಕ್ಸಿಗೆ 2008ರಲ್ಲಿ ಬಂದ ಎಕ್ಸ್‌ಟಿ4 ನಮ್ಮ ಸಂಘದ ಗುಮಾಸ್ತರಂತೆ. ಮೊದಲು ದಿನವಹಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತದೆ. ಕರೆಂಟು ಬಂದಾಗ ದಿನವಹಿ ನೋಡಿ ಖಾತೆ ಸರಿಪಡಿಸಿಕೊಳ್ಳುತ್ತದೆ. ಕೊನೆಯ ಕೆಲವು ಸೆಕೆಂಡುಗಳ ಬರಹ ಹೋದೀತು, ಇಡೀ ತಿಂಗಳಿನದು ಹೋಗುವ ಸಂಭವ ಬಹಳ ಕಡಿಮೆ. ಸ್ಯಾಮ್‌ಸಂಗಿನವರು 2012ರಲ್ಲಿ ಇಂಥ ಕಾರ್ಡುಗಳಿಗೆಂದೇ ರೂಪಿಸಿದ ಎಫ್2ಎಫ್ಎಸ್ ಕೂಡ ಇದೆ. ನಾವು ಬಳಸಿಲ್ಲ, ಆದ್ದರಿಂದ ಹೊಗಳುವುದಿಲ್ಲ.

ಆದರೆ ಸವೆದ ಕಾರ್ಡನ್ನು ಯಾವ ವ್ಯವಸ್ಥೆಯೂ ಉಳಿಸದು. ಎಕ್ಸ್‌ಟಿ4 ಅನ್ನು ವಿಂಡೋಸ್ ತಾನಾಗಿ ಓದುವುದೂ ಇಲ್ಲ. ಹಾಗಾಗಿ ಈಗ ಪ್ರತಿ ಶನಿವಾರ ಲೆಕ್ಕವನ್ನು ಪೆನ್‌ಡ್ರೈವಿಗೆ ನಕಲು ಮಾಡುತ್ತೇವೆ. ಆ ಜೂನಿನ ಲೆಕ್ಕ ಸಿಕ್ಕಿದ್ದು ಗೋಡೆಯ ಕ್ಯಾಲೆಂಡರಿನಲ್ಲಿ. ಅಮ್ಮ ದಿನವೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು.